ಹಬ್ಬದ ಕೈಕೆಲಸ, ಜೊತೆಗೆ ನಾಲ್ಕು ಸಂಸ್ಕೃತ ಪದ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಮ್ಮ ಮನೆ ಹಜಾರದಲ್ಲಿ ಅಕ್ಕಪಕ್ಕದ ಮಕ್ಕಳು ಸೇರುತ್ತಾರೆ. ಮಣ್ಣು, ಬಣ್ಣ, ರಟ್ಟು, ಕತ್ತರಿ, ಮಧ್ಯೆ ಮಧ್ಯೆ ಒಂದಿಷ್ಟು ಸಂಸ್ಕೃತ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಶ್ಲೋಕ ಬಾಯಿಪಾಠ ಮಾಡಿಸಿದರೆ ಸಾಲದಾ? ಕೈಕೆಲಸ ಯಾಕೆ ಬೇಕು?

ಬಾಯಿಪಾಠ ಬೇಡ ಅಂತ ನಾನು ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಕಲಿತ ಶ್ಲೋಕ ಮುದುಕರಾದರೂ ಮರೆಯುವುದಿಲ್ಲ. ಆದರೆ ನಮ್ಮ ಹಬ್ಬಗಳನ್ನೇ ನೋಡಿ. ಒಂದೊಂದರಲ್ಲೂ ಕೈಗೆ ಕೆಲಸ ಇದೆ. ತೋರಣ ಕಟ್ಟಬೇಕು, ಹೂ ಪೋಣಿಸಬೇಕು, ರಂಗೋಲಿ ಹಾಕಬೇಕು, ಹೂಬತ್ತಿ ಹೊಸೆಯಬೇಕು. ಹಿಂದೆ ಮಕ್ಕಳು ಹಬ್ಬ ಕಲಿತಿದ್ದು ಅಮ್ಮನಿಗೆ, ಅಜ್ಜಿಗೆ ಕೈ ಜೋಡಿಸಿಯೇ. ಈಗ ಹೂ ಮಾರ್ಕೆಟ್ಟಿನಿಂದ ಕಟ್ಟಿಕೊಂಡೇ ಬರುತ್ತದೆ, ತೋರಣ ಪ್ಲಾಸ್ಟಿಕ್ಕಿನದು, ರಂಗೋಲಿ ಸ್ಟಿಕ್ಕರು. ಮಗುವಿಗೆ ಮಾಡಲು ಉಳಿದಿರುವುದು ಹೊಸ ಬಟ್ಟೆ ಹಾಕಿಕೊಂಡು ಫೋಟೋಗೆ ನಿಲ್ಲುವುದು ಮಾತ್ರ.

ಹಾಗಾಗಿ ನನ್ನದು ಒಂದೇ ನಿಯಮ. ಮಗು ಮಾಡಿದ ವಸ್ತು ಆ ಹಬ್ಬದಲ್ಲಿ ಬಳಕೆಗೆ ಬರಬೇಕು. ಗೋಡೆಗೆ ಅಂಟಿಸಿ ಮರೆಯುವ ಕೆಲಸ ಬೇಡ. ತಾನು ಹೊಸೆದ ಬತ್ತಿಯನ್ನೇ ದೀಪಕ್ಕೆ ಹಾಕಿದರೆ, ಅದು ಉರಿದು ಮುಗಿಯುವವರೆಗೂ ಮಗು ಅಲ್ಲೇ ಕೂತು ನೋಡುತ್ತದೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ಮೂರು ವರ್ಷದ ಮಗುವಿಗೆ ಮಣ್ಣು ಕಲಸಲು, ಹೂವಿನ ಎಸಳು ಬಿಡಿಸಲು ಕೊಡಿ. ಐದಕ್ಕೆ ಮೊಂಡು ತುದಿಯ ಕತ್ತರಿ, ಎಂಟರ ಮೇಲೆ ಸೂಜಿ ದಾರ. ವಯಸ್ಸಿಗಿಂತ ಮಗುವಿನ ಸ್ವಭಾವ ನೋಡಿಕೊಳ್ಳಿ, ಅಷ್ಟೇ.

ಮೊದಲನೇ ದಿನ ಏನು ಮಾಡಿಸಲಿ?

ಅಂಗೈ. ಒಂದು ಹಾಳೆಯ ಮೇಲೆ ಕೈ ಇಟ್ಟು ಸುತ್ತ ಪೆನ್ಸಿಲ್ ಎಳೆಯಲಿ. ಬೆಳಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಂಡು ಹೇಳುವ ಶ್ಲೋಕ ಗೊತ್ತಲ್ವಾ? ‘ಕರಾಗ್ರೇ ವಸತೇ ಲಕ್ಷ್ಮೀಃ, ಕರಮಧ್ಯೇ ಸರಸ್ವತೀ’. ಬೆರಳ ತುದಿಯಲ್ಲಿ ಲಕ್ಷ್ಮಿಗೊಂದು ಕಮಲ, ಅಂಗೈ ನಡುವೆ ಸರಸ್ವತಿಗೊಂದು ವೀಣೆ ಬರೆಯಲಿ. ಮಣಿಕಟ್ಟಿನ ಹತ್ತಿರ ಕೆಲವರ ಮನೆಯಲ್ಲಿ ಗೌರಿ, ಕೆಲವರ ಮನೆಯಲ್ಲಿ ಗೋವಿಂದ. ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಬರೆಸಿ.

ಚಿತ್ರ ಮುಗಿದ ಮೇಲೆ ಒಂದು ಹುಣಸೆ ಬೀಜ ತೆಗೆದುಕೊಂಡು ಆಟ ಆಡಿಸಿ. ‘ಅಗ್ರೇ’ ಅಂದರೆ ಬೀಜ ಬೆರಳ ತುದಿಗೆ, ‘ಮಧ್ಯೇ’ ಅಂದರೆ ಅಂಗೈಗೆ, ‘ಮೂಲೇ’ ಅಂದರೆ ಮಣಿಕಟ್ಟಿಗೆ. ಬೇಗ ಬೇಗ ಹೇಳಿ, ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ. ಸಪ್ತಮೀ ವಿಭಕ್ತಿ ಅನ್ನುವ ಹೆಸರು ಅವರಿಗೆ ಇನ್ನೂ ಬೇಕಿಲ್ಲ. ಕಿವಿಗೆ ಬಿದ್ದರೆ ಸಾಕು.

ಮಣ್ಣಿನ ಗಣೇಶ ಪ್ರತಿ ವರ್ಷ ಬಿರುಕು ಬಿಡುತ್ತಾನೆ. ಏನು ಮಾಡೋದು?

ಚೌತಿಗೆ ಮುಂಚೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕುಂಬಾರರ ಹತ್ತಿರ ಸಿಗುವ ಜೇಡಿಮಣ್ಣು ತನ್ನಿ. ಒಣಮಣ್ಣಾದರೆ ಪುಡಿ ಮಾಡಿ, ಜರಡಿ ಹಿಡಿದು, ರಾತ್ರಿಯೇ ನೆನೆಸಿಡಿ. ಬೆಳಗ್ಗೆ ಚಪಾತಿ ಹಿಟ್ಟಿನ ಹದಕ್ಕೆ ಚೆನ್ನಾಗಿ ನಾದಬೇಕು. ಹದ ಬಂತಾ ಅಂತ ತಿಳಿಯಲು ಬೆರಳು ದಪ್ಪದ ಬತ್ತಿ ಹೊಸೆದು ಬಳೆಯಂತೆ ಬಗ್ಗಿಸಿ. ಹೊರಮೈ ಸೀಳಿದರೆ ಇನ್ನೂ ನಾದಬೇಕು, ಒಂಚೂರು ನೀರು ಹಾಕಬಹುದು. ಕೈಗೆ ಅಂಟಿದರೆ ಒಣಮಣ್ಣೋ ನುಣುಪಾದ ಮರಳೋ ಸೇರಿಸಿ.

ಆಮೇಲೆ ಜೋಡಣೆ. ಮಕ್ಕಳು ತಲೆಯನ್ನು ಮೈಮೇಲೆ ಸುಮ್ನೆ ಒತ್ತಿ ಕೂರಿಸುತ್ತಾರೆ. ಒಣಗುವಾಗ ಅದು ಕಳಚಿಕೊಳ್ಳುತ್ತದೆ. ಸೇರಬೇಕಾದ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳ್ಳಗೆ ಕಲಸಿದ ಮಣ್ಣು ಬಳಿದು, ಆಮೇಲೆ ಒತ್ತಬೇಕು. ಕತ್ತಿನೊಳಗೆ ಒಂದು ಪೊರಕೆ ಕಡ್ಡಿಯ ತುಂಡು ಚುಚ್ಚಿದರೆ ತಲೆ ಮುಂದಕ್ಕೆ ವಾಲುವುದಿಲ್ಲ. ಸೊಂಡಿಲನ್ನು ಗಾಳಿಯಲ್ಲಿ ಬಿಡದೆ ಹೊಟ್ಟೆಗೆ ತಾಗಿಸಿಬಿಡಿ. ಗಾತ್ರ ಒಂದು ಗೇಣಿಗಿಂತ ಚಿಕ್ಕದಿರಲಿ. ಬಿಸಿಲಿಗೆ ಇಟ್ಟರೆ ಬಿರುಕು ಗ್ಯಾರಂಟಿ. ನೆರಳಲ್ಲಿ, ಮೇಲೆ ತೆಳು ಒದ್ದೆ ಬಟ್ಟೆ ಹೊದಿಸಿ, ನಿಧಾನವಾಗಿ ಒಣಗಲು ಬಿಡಿ. ಮಳೆಗಾಲ ಆದ್ದರಿಂದ ಹಬ್ಬಕ್ಕೆ ಒಂದು ವಾರ ಮುಂಚೆಯೇ ಮಾಡಿ ಮುಗಿಸುವುದು ಒಳ್ಳೆಯದು.

ಹೊಟ್ಟೆಯೊಳಗೆ ಬೀಜ ಇಡುವ ಪದ್ಧತಿ ಈಚೆಗೆ ಜಾಸ್ತಿ ಆಗಿದೆ. ಹಸಿ ಮಣ್ಣಿನಲ್ಲಿ ಬೀಜ ಉಬ್ಬಿ ಹೊಟ್ಟೆ ಒಡೆಯಬಹುದು. ನನ್ನ ಮಾತು ಕೇಳಿದರೆ, ಬಕೆಟ್ಟಿನಲ್ಲಿ ವಿಸರ್ಜನೆ ಆದ ಮೇಲೆ ಆ ಮಣ್ಣನ್ನು ಕುಂಡಕ್ಕೆ ಹಾಕಿ, ಬೀಜ ಆಗ ಬಿತ್ತಿ.

ಇನ್ನು ಸಂಸ್ಕೃತ. ಮೈ ಮಾಡುತ್ತಾ ಮಾಡುತ್ತಾ ಹೆಸರು ಹೇಳಿಸಿ: ಉದರಂ, ಹಸ್ತಃ, ಕರ್ಣಃ, ದಂತಃ, ಶುಂಡಾ. ಎರಡನೇ ಕಿವಿ ಅಂಟಿಸಿದ ತಕ್ಷಣ ‘ಕರ್ಣೌ’ ಅನ್ನಿ. ಕನ್ನಡದಲ್ಲಿ ಒಂದು, ಹಲವು ಅಂತ ಎರಡೇ. ಸಂಸ್ಕೃತದಲ್ಲಿ ಎರಡಕ್ಕೇ ಬೇರೆ ರೂಪ ಇದೆ, ಮತ್ತು ಅದನ್ನು ಹೇಳಿಕೊಡಲು ಗಣೇಶನ ಕಿವಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಹೊಟ್ಟೆ ತಟ್ಟಿ ತಟ್ಟಿ ದುಂಡಗೆ ಮಾಡುವಾಗ ‘ಲಂಬ, ಉದರ, ಲಂಬೋದರ’ ಅಂತ ಹಾಡಿನ ಹಾಗೆ ಹೇಳಿಸಿ. ಮುಂದೆ ಹೈಸ್ಕೂಲಿನಲ್ಲಿ ಗುಣಸಂಧಿ ಬಂದಾಗ ಉದಾಹರಣೆ ರೆಡಿ ಇರುತ್ತದೆ.

ಮಗು ಮಾಡಿದ ಸೊಟ್ಟ ಗಣೇಶನನ್ನೇ ಪೂಜೆಗೆ ಇಡಬಹುದಾ?

ನಾವು ಇಡುತ್ತೇವೆ. ಮಣ್ಣಿನ ಮೂರ್ತಿ ಮನೆಯಲ್ಲೇ ಮಾಡಿ, ಪ್ರಾಣಪ್ರತಿಷ್ಠೆ ಮಾಡಿ, ಪೂಜಿಸಿ, ನೀರಿಗೆ ಬಿಡುವುದು ಹಳೆಯ ಕ್ರಮವೇ. ಮೂಗು ಮುಖ ತಿದ್ದಲು ಹೋಗಬೇಡಿ. ಮಗುವಿಗೆ ಗೊತ್ತಾಗುತ್ತದೆ, ಬೇಜಾರು ಮಾಡಿಕೊಳ್ಳುತ್ತದೆ. ಹಿರಿಯರಿಗೆ ಸಮಾಧಾನ ಇಲ್ಲದಿದ್ದರೆ ಮಾರ್ಕೆಟ್ಟಿನ ಗಣೇಶನ ಪಕ್ಕದಲ್ಲಿ ಇದಕ್ಕೂ ಒಂದು ಮಣೆ ಹಾಕಿ, ಒಂದು ಗರಿಕೆ ಏರಿಸಿ. ಗೌರಿ ತದಿಗೆಗೆ ಅರಿಶಿನದ ಗೌರಿ ಮಾಡುವ ಮನೆಗಳಲ್ಲಂತೂ ಈ ಪ್ರಶ್ನೆಯೇ ಏಳುವುದಿಲ್ಲ.

ಹುಡುಗರು ರಂಗೋಲಿ ಹಾಕಲ್ಲ ಅಂತಾರೆ.

‘ರಂಗೋಲಿ’ ಅನ್ನಬೇಡಿ, ‘ಚುಕ್ಕಿ ಲೆಕ್ಕ’ ಅನ್ನಿ. ನಡುವಿನ ಸಾಲಿಗೆ 7 ಚುಕ್ಕಿ, ಮೇಲೆ ಕೆಳಗೆ 5, 3, 1. ಇದು ನೇರ ಚುಕ್ಕಿ, ಒಟ್ಟು 25. ಸಂದು ಚುಕ್ಕಿಯಲ್ಲಿ ನಡುವೆ 7, ಆಮೇಲೆ ಎರಡೂ ಕಡೆ 6, 5, 4. ಒಟ್ಟು ಎಷ್ಟು? 37. ಲೆಕ್ಕದ ಹುಡುಗರು ಇಲ್ಲೇ ಸಿಕ್ಕಿಬೀಳುತ್ತಾರೆ. ಚುಕ್ಕಿ ಸುತ್ತ ಬಳ್ಳಿ ಸುತ್ತಿ, ಶುರು ಮಾಡಿದ ಜಾಗಕ್ಕೇ ವಾಪಸ್ ಬರಬೇಕು ಅಂದರೆ ಹಟ ಹಿಡಿದು ಕೂರುತ್ತಾರೆ. ಮೊದಲು ಕಪ್ಪು ಸ್ಲೇಟಿನ ಮೇಲೆ ಸೀಮೆಸುಣ್ಣ. ಹೆಬ್ಬೆರಳು ತೋರುಬೆರಳ ಸಂದಿನಲ್ಲಿ ಪುಡಿ ಬಿಡುವ ಅಭ್ಯಾಸ ಆಮೇಲೆ. ಅಕ್ಕಿ ಹಿಟ್ಟಿನಲ್ಲಿ ಹಾಕಿಸಿದರೆ ಸಂಜೆಯೊಳಗೆ ಇರುವೆ ಬಂದು ತಿಂದು ಹೋಗುತ್ತವೆ. ಅದೂ ಮಕ್ಕಳಿಗೆ ಒಂದು ತಮಾಷೆ.

ಎಣಿಸುವುದನ್ನು ಸಂಸ್ಕೃತದಲ್ಲೇ ಮಾಡಿಸಿ. ಏಕಃ ಬಿಂದುಃ, ತ್ರಯಃ ಬಿಂದವಃ, ಪಂಚ, ಸಪ್ತ.

ನಮಗೇ ಸಂಸ್ಕೃತ ಬರಲ್ಲ. ಮಕ್ಕಳಿಗೆ ಹೇಗೆ ಹೇಳಿಕೊಡೋದು?

ಪೂರ್ತಿ ವಾಕ್ಯ ಬೇಕಿಲ್ಲ. ಕೆಲಸದ ಮಧ್ಯೆ ನಾವು ನೂರು ಸಲ ಹೇಳುವ ಮಾತುಗಳನ್ನು ಮಾತ್ರ ಬದಲಾಯಿಸಿಕೊಳ್ಳಿ. ‘ಆನಯ’ ಅಂದರೆ ತೆಗೆದುಕೊಂಡು ಬಾ, ‘ದೇಹಿ’ ಅಂದರೆ ಕೊಡು, ‘ಸ್ಥಾಪಯ’ ಅಂದರೆ ಇಡು, ‘ಪಶ್ಯ’ ಅಂದರೆ ನೋಡು. ಸಾಕು ಅನ್ನಲು ‘ಪರ್ಯಾಪ್ತಂ’, ಬೇಡ ಅನ್ನಲು ‘ಮಾಸ್ತು’. ಇವಿಷ್ಟನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ. ‘ಜಲಂ ದೇಹಿ’, ‘ಕರ್ತರೀಂ ಆನಯ’, ‘ಅತ್ರ ಸ್ಥಾಪಯ’. ಕೈ ತೋರಿಸಿಕೊಂಡೇ ಹೇಳುವುದರಿಂದ ಅನುವಾದ ಮಾಡಬೇಕಾಗುವುದಿಲ್ಲ. ನಾಲ್ಕನೇ ವಾರಕ್ಕೆ ಮಕ್ಕಳೇ ನಿಮಗೆ ಅಪ್ಪಣೆ ಮಾಡಲು ಶುರು ಮಾಡುತ್ತಾರೆ, ತಯಾರಾಗಿರಿ.

ಬಣ್ಣಗಳ ಹೆಸರು ಇನ್ನೂ ಸುಲಭ. ಶ್ವೇತ (ಬಿಳಿ), ನೀಲ (ನೀಲಿ), ಪೀತ (ಹಳದಿ), ರಕ್ತ (ಕೆಂಪು), ಹರಿತ (ಹಸಿರು), ಕೃಷ್ಣ (ಕಪ್ಪು). ಅರ್ಧಕ್ಕರ್ಧ ನಮ್ಮ ಹಾಡುಗಳಲ್ಲಿ, ಮಕ್ಕಳ ಹೆಸರುಗಳಲ್ಲೇ ಇವೆ.

ಕನ್ನಡ ಅಕ್ಷರದಲ್ಲಿ ಬರೆಸಲಾ, ದೇವನಾಗರಿಯಲ್ಲಾ?

ಮೊದಲು ಕನ್ನಡ. ನಮ್ಮಲ್ಲಿ ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ಹೊಸದೇನಲ್ಲ. ಎಷ್ಟೋ ತಾಳೆಗರಿಗಳು, ಮನೆಮನೆಯ ಸ್ತೋತ್ರದ ಪುಸ್ತಕಗಳು ಹಾಗೇ ಇವೆ. ಕ ಖ ಗ ಘ ಕ್ರಮವೂ ಎರಡರಲ್ಲಿ ಒಂದೇ. ಹ್ರಸ್ವ ಎ, ಹ್ರಸ್ವ ಒ ಮಾತ್ರ ಸಂಸ್ಕೃತದಲ್ಲಿ ಇಲ್ಲ.

ಮಗು ಕನ್ನಡ ಸರಾಗವಾಗಿ ಓದುವ ಹೊತ್ತಿಗೆ ದೇವನಾಗರಿ ಶುರು ಮಾಡಿ. ಅದಕ್ಕೊಂದು ಕೈಕೆಲಸ ಇದೆ. ದೇವನಾಗರಿ ಅಕ್ಷರಗಳು ಮೇಲಿನ ಗೆರೆಗೆ ನೇತಾಡುತ್ತವೆ ಅಲ್ವಾ? ಕೋಣೆಯಲ್ಲಿ ಒಂದು ದಾರ ಕಟ್ಟಿ. ರಟ್ಟಿನಲ್ಲಿ ಅಕ್ಷರ ಬರೆದು ಕತ್ತರಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಾಲಾಗಿ ನೇತುಹಾಕಲಿ. ದಾರವೇ ಆ ಗೆರೆ. ದಿನಕ್ಕೊಂದು ಪದ ನೇತುಹಾಕಿ, ಊಟದ ಹೊತ್ತಿಗೆ ಯಾರು ಮೊದಲು ಓದುತ್ತಾರೋ ನೋಡಿ.

ದೊಡ್ಡ ಮಕ್ಕಳಿಗೆ ಮಣ್ಣು, ಬಣ್ಣ ಬೋರಾಗುತ್ತೆ. ಅವರಿಗೇನಾದರೂ ಇದೆಯಾ?

ಇದೆ, ನನಗಂತೂ ಎಲ್ಲಕ್ಕಿಂತ ಇಷ್ಟವಾದದ್ದು: ದಶಾವತಾರ ಗಂಜೀಫ.

ಗಂಜೀಫ ಅಂದರೆ ಗುಂಡನೆಯ, ಕೈಯಲ್ಲಿ ಬರೆದ ಇಸ್ಪೀಟಿನ ಎಲೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದಕ್ಕೆ ದೊಡ್ಡ ಆಶ್ರಯ ಕೊಟ್ಟಿದ್ದರು. ದಶಾವತಾರದ ಕಟ್ಟಿನಲ್ಲಿ 120 ಎಲೆ. ಅವತಾರಕ್ಕೆ 12 ಎಲೆ: ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ 1ರಿಂದ 10.

ಮಕ್ಕಳಿಂದ 120 ಬರೆಸಬೇಡಿ, ಅಷ್ಟು ತಾಳ್ಮೆ ನಮಗೂ ಇಲ್ಲ. ಅವತಾರಕ್ಕೆ ನಾಲ್ಕು ಎಲೆ ಸಾಕು, ಒಂದರಿಂದ ನಾಲ್ಕು. ಹಳೆಯ ಮದುವೆ ಕರೆಯೋಲೆಗಳ ಗಟ್ಟಿ ಕಾಗದ ತೆಗೆದುಕೊಳ್ಳಿ. ಚಿಕ್ಕ ಸ್ಟೀಲ್ ಲೋಟ ಬೋರಲು ಹಾಕಿ ಸುತ್ತ ಗೆರೆ ಎಳೆದರೆ ಎಲ್ಲ ಒಂದೇ ಅಳತೆ ಬರುತ್ತದೆ. ಅವತಾರಕ್ಕೊಂದು ಹಿನ್ನೆಲೆ ಬಣ್ಣ, ಒಂದು ಗುರುತು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ವಾಮನನಿಗೆ ಛತ್ರಿ, ಪರಶುರಾಮನಿಗೆ ಕೊಡಲಿ, ರಾಮನಿಗೆ ಬಾಣ, ಕಲ್ಕಿಗೆ ಕುದುರೆ. ಹಳೆಯ ಕಟ್ಟುಗಳಲ್ಲೂ ಗುರುತು ಊರಿಂದ ಊರಿಗೆ ಬೇರೆ ಇರುವುದರಿಂದ ಉಳಿದದ್ದನ್ನು ಮಕ್ಕಳೇ ಜಗಳವಾಡಿ ತೀರ್ಮಾನಿಸಲಿ. ಒಂಬತ್ತನೆಯ ಅವತಾರ ಬುದ್ಧನೋ ಬಲರಾಮನೋ ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಎರಡು ಬಗೆಯ ಪಟ್ಟಿಯೂ ಇದೆ ಅಂತ ಹೇಳಿ, ಇಬ್ಬರನ್ನೂ ಬರೆಯಲು ಬಿಡಿ.

ಆಟದಲ್ಲಿ ಎಲೆ ಇಳಿಸುವಾಗ ಸಂಸ್ಕೃತದಲ್ಲಿ ಹೇಳಿಯೇ ಇಳಿಸಬೇಕು. ಏಕಃ ಮತ್ಸ್ಯಃ, ದ್ವೌ ಮತ್ಸ್ಯೌ, ತ್ರಯಃ ಮತ್ಸ್ಯಾಃ, ಚತ್ವಾರಃ ಮತ್ಸ್ಯಾಃ. ಛತ್ರಿಗೆ ಬಂದರೆ ಏಕಂ ಛತ್ರಂ, ದ್ವೇ ಛತ್ರೇ, ತ್ರೀಣಿ ಛತ್ರಾಣಿ, ಚತ್ವಾರಿ ಛತ್ರಾಣಿ. ತಪ್ಪಿದರೆ ಎಲೆ ವಾಪಸ್. ಸಂಸ್ಕೃತದಲ್ಲಿ ಒಂದರಿಂದ ನಾಲ್ಕರವರೆಗಿನ ಸಂಖ್ಯೆ ಲಿಂಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಐದರಿಂದ ಆ ರಗಳೆ ಇಲ್ಲ. ನಾಲ್ಕಕ್ಕೇ ನಿಲ್ಲಿಸಿದ್ದು ಅದಕ್ಕೇ. ಶಾಲೆಯಲ್ಲಿ ಕಷ್ಟ ಅನ್ನಿಸುವ ಈ ಪಾಠವನ್ನು ಎಲೆ ಉಳಿಸಿಕೊಳ್ಳುವ ಆಸೆಗೆ ಮಕ್ಕಳು ಒಂದೇ ಮಧ್ಯಾಹ್ನ ಅರೆದು ಕುಡಿಯುತ್ತಾರೆ.

ಫ್ಲ್ಯಾಟಿನಲ್ಲಿ ದಸರಾ ಗೊಂಬೆ ಕೂರಿಸುವಷ್ಟು ಜಾಗ ಇಲ್ಲ.

ಮೂರು ಮೆಟ್ಟಿಲು ಸಾಕು. ಬೆಸ ಸಂಖ್ಯೆ ಆದರೆ ಆಯಿತು: 3, 5, 7, 9. ಶೂ ಡಬ್ಬಿಗಳನ್ನು ಜೋಡಿಸಿ ಮೇಲೆ ಬಿಳಿ ಪಂಚೆ ಹೊದಿಸಿ. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗೆ. ಮೈಸೂರು ಕಡೆ ಮಗಳ ಮದುವೆಯಲ್ಲಿ ಕೊಡುವ ರಾಜ ರಾಣಿಯ ಮರದ ಜೋಡಿ ಅದು. ನಿಮ್ಮಲ್ಲಿ ಇಲ್ಲದಿದ್ದರೆ ಚನ್ನಪಟ್ಟಣದ ಒಂದು ಜೋಡಿ ತಂದು ಶುರು ಮಾಡಿ. ಕೆಳಗಿನ ಮೆಟ್ಟಿಲು ಪೂರ್ತಿ ಮಕ್ಕಳದ್ದು. ರಾಗಿ ಮೊಳಕೆ ಹಾಕಿದ ತಟ್ಟೆ ಹೊಲ ಆಗುತ್ತದೆ, ಬೆಂಕಿಪೊಟ್ಟಣದಲ್ಲಿ ಅಂಗಡಿ ಬೀದಿ. ಹೊಲದಲ್ಲಿ ಡೈನೋಸಾರ್ ನಿಲ್ಲಿಸಿದರೆ ಬೇಡ ಅನ್ನಬೇಡಿ. ಅಂಗಡಿಗಳಿಗೆ ಸಂಸ್ಕೃತದ ಬೋರ್ಡು ಬರೆಸಿ: ಫಲಾನಿ, ಪುಷ್ಪಾಣಿ, ವಸ್ತ್ರಾಣಿ. ಸಂಜೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ಗೊಂಬೆ ಬಾಗಿನದ ಪೊಟ್ಟಣವನ್ನೂ ಇವರೇ ಮಡಚಲಿ.

ನಮ್ಮ ಮನೆಯಲ್ಲಿ ಗೊಂಬೆ, ಗೌರಿ ಪದ್ಧತಿಯೇ ಇಲ್ಲ. ನಾವು ಬೇರೆ ಕಡೆಯವರು.

ಹಾಗಿದ್ದರೆ ಅದನ್ನು ಹೊಸದಾಗಿ ತರುವ ಅಗತ್ಯ ಏನೂ ಇಲ್ಲ. ನಿಮ್ಮ ಕಡೆ ಏನಿದೆ ಅಂತ ಅಜ್ಜಿಯನ್ನು ಕೇಳಿ. ಉತ್ತರ ಕರ್ನಾಟಕದವರಾದರೆ ಮಣ್ಣೆತ್ತಿನ ಅಮಾವಾಸ್ಯೆ ಇದೆ. ಕಾರಹುಣ್ಣಿಮೆ ಆದ ಮೇಲೆ ಬರುವ ಆ ಅಮಾವಾಸ್ಯೆಗೆ ಮಣ್ಣಿನಲ್ಲಿ ಜೋಡಿ ಎತ್ತು, ಮುಂದೆ ಒಂದು ಗ್ವಾದಲಿ (ಮೇವು ಹಾಕುವ ತೊಟ್ಟಿ) ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಿಗೆ ಮಣ್ಣಿನಲ್ಲಿ ಮಾಡುವ ಗುಳ್ಳವ್ವ ಇದ್ದಾಳೆ. ಗುಳ್ಳವ್ವನಿಗೆ ಗುಲಗಂಜಿ ಚುಚ್ಚಿ ಅಲಂಕಾರ ಮಾಡುವುದು ನೋಡಲು ಬಹಳ ಚೆಂದ. ಆದರೆ ಗುಲಗಂಜಿ ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜೋಳದ ಕಾಳು ಬಳಸಿ.

ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಕುಂಚ ಪುಂಡಿ ನಾರಿನದು. ಆ ಬುಟ್ಟಿಯಲ್ಲೇ ಹೊಲಕ್ಕೆ ಎಡೆ ಹೋಗುತ್ತದೆ. ಮಾಡಿದ್ದು ಬಳಕೆಗೆ ಬರಬೇಕು ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ. ಇದರಲ್ಲಿ ಸಂಸ್ಕೃತ ತುರುಕಲು ಹೋಗಬೇಡಿ. ಆ ಹಾಡು, ಆ ಹೆಸರುಗಳು ಕನ್ನಡದಲ್ಲೇ ಇವೆ, ಹಾಗೇ ಕಲಿಯಲಿ.

ಯಾವ ಬಣ್ಣ ಸುರಕ್ಷಿತ?

ಪೂಜೆಯ ತಟ್ಟೆಯಲ್ಲಿ ಇರುವುದೇ ಸಾಕು. ಅರಿಶಿನ, ಕೆಮ್ಮಣ್ಣು, ಅಕ್ಕಿ ಹಿಟ್ಟು, ಬೀಟ್‌ರೂಟ್ ರಸ. ಅಂಗಡಿಯ ಕುಂಕುಮದಲ್ಲಿ ಏನು ಬೆರೆಸಿರುತ್ತಾರೋ, ಮಕ್ಕಳ ಕೈಗೆ ಕಲಸಲು ಕೊಡಬೇಡಿ. ಮಿಂಚಿನ ಪುಡಿಯೂ ಬೇಡ, ವರ್ಷವಾದರೂ ಮನೆ ಬಿಟ್ಟು ಹೋಗುವುದಿಲ್ಲ.

ಒಂದು ಮಜಾ ತೋರಿಸಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪು ಓಕುಳಿ, ಆರತಿಗೆ ಮಾಡುವುದು ಇದನ್ನೇ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ‘ಪೀತಂ, ರಕ್ತಂ, ಪುನಃ ಪೀತಂ’ ಅಂತ ಕೂಗುತ್ತಾ ನಿಂಬೆಹಣ್ಣೆಲ್ಲ ಖಾಲಿ ಮಾಡುತ್ತಾರೆ. ಸುಣ್ಣ ಮಾತ್ರ ದೊಡ್ಡವರೇ ಹಾಕಿ, ಕಣ್ಣಿಗೆ ಬಿದ್ದರೆ ಕಷ್ಟ.

ಇಂಟರ್ನೆಟ್ಟಿನಿಂದ ದೇವರ ಚಿತ್ರ ಪ್ರಿಂಟ್ ತೆಗೆದು ಬಣ್ಣ ತುಂಬಿಸಿದರೆ ಆಗಲ್ವಾ?

ಪ್ರಯಾಣದಲ್ಲಿ, ಜ್ವರ ಬಂದು ಮಲಗಿದಾಗ ಪರವಾಗಿಲ್ಲ. ಅದೇ ಅಭ್ಯಾಸವಾದರೆ ಎಲ್ಲ ಮಕ್ಕಳ ಕೃಷ್ಣನೂ ಒಂದೇ ಥರ ಇರುತ್ತಾನೆ.

ಹರಿದ ಚಿತ್ರ, ಹಳೆಯ ಕರೆಯೋಲೆಯ ಮೇಲಿನ ದೇವರು, ಇವನ್ನೆಲ್ಲ ಏನು ಮಾಡೋದು?

ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುವುದಿಲ್ಲ, ನಿಜ. ಮರದ ಬುಡದಲ್ಲಿ ಇಟ್ಟು ಬರುವುದು ಮಾತ್ರ ಬೇಡ, ನಾಳೆ ಅದು ಚರಂಡಿಯಲ್ಲಿರುತ್ತದೆ. ಬರೀ ಕಾಗದವಾದರೆ ನೀರಲ್ಲಿ ನೆನೆಸಿ, ರುಬ್ಬಿ, ಗಂಜಿ ಸೇರಿಸಿ ಮುದ್ದೆ ಮಾಡಿ. ಮುಂದಿನ ದಸರಾದ ಗೊಂಬೆ ಅದರಲ್ಲೇ ಆಗುತ್ತದೆ. ಇನ್ನು ಗಂಜೀಫ ಕತ್ತರಿಸುವಾಗ ದೇವರ ಮುಖದ ಮೇಲೆ ಕತ್ತರಿ ಆಡಿಸಬೇಡಿ, ಆ ಭಾಗ ಎತ್ತಿಟ್ಟು ಈ ಮುದ್ದೆಗೆ ಹಾಕಿ.

ಬೇರೆ ಧರ್ಮದ ಗೆಳೆಯರು ಬಂದರೆ?

ಬರಲಿ. ಮಣ್ಣು ಕಲಸಲಿ, ರಂಗೋಲಿ ಹಾಕಲಿ. ಶ್ಲೋಕ ಹೇಳು ಅಂತ ಒತ್ತಾಯ ಬೇಡ. ಅವರ ಮನೆಯ ಹಬ್ಬಕ್ಕೆ ಕರೆದರೆ ನಿಮ್ಮವರನ್ನೂ ಕಳಿಸಿ.

ನಾವು ವಿದೇಶದಲ್ಲಿದ್ದೇವೆ. ಮಾವಿನೆಲೆಯೂ ಸಿಗಲ್ಲ, ಜೇಡಿಮಣ್ಣೂ ಸಿಗಲ್ಲ.

ಮಡಿಕೆ ಮಾಡುವವರಿಗೆ ಮಾರುವ ನೈಸರ್ಗಿಕ ಜೇಡಿಮಣ್ಣು ಎಲ್ಲ ದೇಶದಲ್ಲೂ ಸಿಗುತ್ತದೆ. ಸುಡದೆ ಇದ್ದರೆ ನೀರಲ್ಲಿ ಕರಗುತ್ತದೆ. ಆಟಿಕೆ ಅಂಗಡಿಯ ಪಾಲಿಮರ್ ಕ್ಲೇ ಕರಗುವುದಿಲ್ಲ, ಅದು ಬೇಡ. ಮಾವಿನೆಲೆಗೆ ಹಸಿರು ಬಟ್ಟೆ ಕತ್ತರಿಸಿ, ನರ ಕಾಣುವ ಹಾಗೆ ದಾರದಲ್ಲಿ ಹೊಲಿಸಿ. ವರ್ಷಗಟ್ಟಲೆ ಬರುತ್ತದೆ. ದೀಪಾವಳಿ ಹೊತ್ತಿಗೆ ಹೊರಗೆ ಚಳಿ ಅಂದರೆ ರಂಗೋಲಿಯನ್ನು ದೊಡ್ಡ ಟ್ರೇಯಲ್ಲಿ ಹಾಕಿ ಬಾಗಿಲ ಒಳಗೆ ಇಡಿ. ಸಂಸ್ಕೃತದ ಜೊತೆ ಕನ್ನಡವೂ ಜಾರಿಹೋಗದ ಹಾಗೆ, ಹಬ್ಬದ ದಿನ ವಿಡಿಯೋ ಕಾಲಿನಲ್ಲಿ ಅಜ್ಜಿಗೆ ವಿವರಿಸುವ ಕೆಲಸ ಮಗುವಿಗೇ ಬಿಡಿ.

ಮಗುವಿಗೆ ಸಂಸ್ಕೃತದ ರುಚಿ ಹತ್ತಿದೆ. ಮುಂದೇನು?

ಮಾತಾಡುವುದಕ್ಕೆ ಸಂಸ್ಕೃತ ಭಾರತಿಯವರ ಸಂಭಾಷಣ ಶಿಬಿರಗಳಿವೆ. ನೀವೂ ಜೊತೆಗೆ ಕೂತರೆ ಇನ್ನೂ ಒಳ್ಳೆಯದು. ಓದುವ ಮಕ್ಕಳಿಗೆ 1970ರಲ್ಲಿ ಮೈಸೂರಿನಲ್ಲಿ ಶುರುವಾದ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ತೋರಿಸಿ. ಶೀರ್ಷಿಕೆಗಳನ್ನು ಕತ್ತರಿಸಿ, ಅಕ್ಷರ ಹುಡುಕಿ, ತಮ್ಮ ಹೆಸರು ಅಂಟಿಸುವುದರಿಂದ ಶುರು ಮಾಡಲಿ. ರಜೆಯಲ್ಲಿ ಶಿವಮೊಗ್ಗ ಕಡೆ ಹೋದರೆ ತುಂಗಾ ತೀರದ ಮತ್ತೂರಿಗೂ ಹೋಗಿಬನ್ನಿ. ಸಂಸ್ಕೃತ ಮಾತಾಡುವ ಊರು ಅಂತ ಹೆಸರಾದರೂ ಅಲ್ಲಿ ಸಂಕೇತಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಎದುರಾದ ಹಿರಿಯರಿಗೆ ‘ನಮೋ ನಮಃ’ ಅನ್ನಲು ಮಗುವನ್ನೇ ಮುಂದೆ ಬಿಡಿ.